ಕವಾಲಾ: ಹಡಗು ಹತ್ತುವ ಊರೋ, ತಂಗುವ ಊರೋ?

ಉತ್ತರ ಗ್ರೀಸಿನ ಕವಾಲಾಕ್ಕೆ ಬರುವ ಪ್ರವಾಸಿಗರಲ್ಲಿ ಬಹಳ ಮಂದಿ ಆ ಊರನ್ನು ನೋಡುವುದೇ ಇಲ್ಲ. ಬಸ್ಸಿಳಿದು, ಸೂಟ್‌ಕೇಸ್ ಎಳೆದುಕೊಂಡು ಧಕ್ಕೆಯವರೆಗೆ ನಡೆದು, ಥಾಸೊಸ್ ದ್ವೀಪದ ಫೆರಿ ಹತ್ತಿಬಿಡುತ್ತಾರೆ. ಫೆರಿ ಹೊರಟ ಮೇಲೆ ಹಿಂದಿರುಗಿ ನೋಡಿದರೆ ಬಂಡೆಗುಡ್ಡದ ನೆತ್ತಿಯಲ್ಲಿ ಕೋಟೆ, ಅದರ ಕೆಳಗೆ ಒಂದರ ಹೆಗಲೇರಿ ಒಂದು ನಿಂತ ಕೆಂಪು ಹೆಂಚಿನ ಮನೆಗಳು, ಊರಿನ ನಡುವೆ ಎರಡಂತಸ್ತಿನ ಕಮಾನುಗಳ ಕಲ್ಲಿನ ಸಾಲು ಕಾಣುತ್ತವೆ. ಇಲ್ಲಿ ಒಂದು ದಿನವಾದರೂ ನಿಲ್ಲಬೇಕಿತ್ತೇನೋ ಎಂದು ಅನಿಸುವುದು ಆಗ. ಅಷ್ಟರಲ್ಲಿ ದ್ವೀಪದ ಹೋಟೆಲಿಗೆ ಹಣ ಕಟ್ಟಿ ಆಗಿರುತ್ತದೆ.

ಆ ಲೆಕ್ಕವನ್ನು ಟಿಕೆಟ್ ತೆಗೆಯುವ ಮೊದಲೇ ಹಾಕಿಕೊಳ್ಳಲು ಅನುಕೂಲವಾಗಲೆಂದು ಈ ಬರಹ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಕವಾಲಾ ಎರಡು ರಾತ್ರಿಗೆ ಯೋಗ್ಯವಾದ ಊರು. ಒಂದು ರಾತ್ರಿ ಸಾಲದು, ನಾಲ್ಕಾದರೆ ಹೆಚ್ಚಾಯಿತು. ಆದರೆ ಎಲ್ಲರಿಗೂ ಇದೇ ಉತ್ತರ ಒಗ್ಗುವುದಿಲ್ಲ.

ಯಾರಿಗೆ ಬೇಡ ಎನ್ನುವುದರಿಂದ ಶುರು ಮಾಡೋಣ. ಭಾರತದಿಂದ ಮೊದಲ ಸಲ ಗ್ರೀಸಿಗೆ ಹೊರಟಿದ್ದೀರಿ, ಕೈಯಲ್ಲಿ ಏಳೆಂಟು ದಿನ ಮಾತ್ರ ಇದೆ ಎಂದಾದರೆ ಕವಾಲಾವನ್ನು ಪಟ್ಟಿಗೆ ಸೇರಿಸಬೇಡಿ. ಶೆಂಗೆನ್ ವೀಸಾಕ್ಕೆ ಓಡಾಡಿ, ಅಷ್ಟು ದುಡ್ಡು ಸುರಿದು ಹೋದವರಿಗೆ ಅಥೆನ್ಸ್, ಡೆಲ್ಫಿ, ಒಂದು ದ್ವೀಪ, ಇಷ್ಟಕ್ಕೇ ಆ ದಿನಗಳು ಮುಗಿದುಹೋಗುತ್ತವೆ. ಅಥೆನ್ಸಿನಿಂದ ಕವಾಲಾಕ್ಕೆ ರಸ್ತೆಯಲ್ಲಿ 650 ಕಿ.ಮೀ.ಗೂ ಹೆಚ್ಚು. ಸುಣ್ಣ ಬಳಿದ ಬಿಳಿ ಮನೆಗಳು, ನೀಲಿ ಗುಮ್ಮಟಗಳು ಕಣ್ಣಿನಲ್ಲಿ ಕುಳಿತಿದ್ದರೂ ಇಲ್ಲಿಗೆ ಬರಬೇಡಿ. ಅವು ದಕ್ಷಿಣದ ಸಿಕ್ಲಡೀಸ್ ದ್ವೀಪಗಳ ಚಿತ್ರ. ಕವಾಲಾದ ಮನೆಗಳು ಬೀದಿಯ ಮೇಲೆ ಮುಂದಕ್ಕೆ ಚಾಚಿದ ಮರದ ಮಹಡಿಯವು. ಬಣ್ಣ ಕಾವಿ, ತಿಳಿ ಗುಲಾಬಿ, ಹಳದಿ. ಇಲ್ಲಿನ ವಾಸ್ತು ಆಟೊಮನ್ ಕಾಲದ ಬಾಲ್ಕನ್ ವಾಸ್ತು.

ಹಾಗಾದರೆ ಯಾರಿಗೆ? ಥೆಸಲೊನೀಕಿಯವರೆಗೆ ಹೇಗೂ ಬರುವವರಿಗೆ. ಥಾಸೊಸ್‌ಗೆ ಹೊರಟವರಿಗೆ. ಇಸ್ತಾಂಬುಲ್‌ನಿಂದ ರಸ್ತೆಯಲ್ಲಿ ಗ್ರೀಸ್ ಪ್ರವೇಶಿಸುವವರಿಗೆ, ಏಕೆಂದರೆ ಕವಾಲಾ ದಾರಿಯಲ್ಲೇ ಸಿಗುತ್ತದೆ. ಜರ್ಮನಿಯಂಥ ದೇಶಗಳಲ್ಲಿ ಕೆಲಸದಲ್ಲಿದ್ದು ನಾಲ್ಕು ದಿನದ ರಜೆ ಹೊಂದಿಸಿಕೊಳ್ಳುವ ಕನ್ನಡಿಗರಿಗೆ. ಬೇಸಿಗೆಯಲ್ಲಿ ಅಲ್ಲಿನ ಕೆಲವು ನಗರಗಳಿಂದ ಇಲ್ಲಿಗೆ ನೇರ ವಿಮಾನಗಳಿರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದೇ ಬೀದಿಯಲ್ಲಿ ನಾಲ್ಕು ಕಾಲದ ಗುರುತು ಹುಡುಕುತ್ತಾ ನಿಧಾನವಾಗಿ ನಡೆಯುವುದು ಇಷ್ಟವಿರುವವರಿಗೆ.

ಮೂರು ಹೆಸರಿನ ಊರು

ಕ್ರಿ.ಪೂ. 7ನೇ ಶತಮಾನದಲ್ಲಿ ಥಾಸೊಸ್ ದ್ವೀಪದವರು ಎದುರು ದಡದಲ್ಲಿ ಕಟ್ಟಿಕೊಂಡ ವಸಾಹತು ಇದು. ಆಗ ಇದರ ಹೆಸರು ನಿಯಾಪೊಲಿಸ್, ಅಂದರೆ ಹೊಸ ಊರು. ಬೈಜಾಂಟಿಯನ್ನರ ಕಾಲಕ್ಕೆ ಕ್ರಿಸ್ತೊಪೊಲಿಸ್ ಆಯಿತು. ಆಟೊಮನ್ ತುರ್ಕರ ಕಾಲದಿಂದ ಕವಾಲಾ. ಎಗ್ನಾತಿಯಾ ಎಂಬ ರೋಮನ್ ಹೆದ್ದಾರಿ ಆಡ್ರಿಯಾಟಿಕ್ ಸಮುದ್ರದಿಂದ ಬೈಜಾಂಟಿಯಂವರೆಗೆ ಈ ಊರಿನ ಮೂಲಕವೇ ಹಾದುಹೋಗುತ್ತಿತ್ತು. ಇಂದು ಥೆಸಲೊನೀಕಿಯಿಂದ ಬರುವ ಬಸ್ಸು ಓಡುವ ಹೆದ್ದಾರಿಗೂ ಅದೇ ಹೆಸರು. ಹಡಗಿನಿಂದ ಇಳಿದ ಸರಕು ರಸ್ತೆಗೆ, ರಸ್ತೆಯಿಂದ ಬಂದದ್ದು ಹಡಗಿಗೆ. ಎರಡೂವರೆ ಸಾವಿರ ವರ್ಷ ಈ ಊರು ಮಾಡಿಕೊಂಡು ಬಂದದ್ದು ಈ ಕೆಲಸವನ್ನೇ.

ಹಾಗೆ ಇಲ್ಲಿ ಇಳಿದು ರಸ್ತೆ ಹಿಡಿದವರಲ್ಲಿ ಒಬ್ಬ ಸಂತ ಪೌಲ. ಏಷ್ಯಾ ಮೈನರಿನ ತ್ರೋವಾಸ್ ಬಂದರಿನಿಂದ ಹೊರಟು, ಸಮೊತ್ರಾಕಿ ದ್ವೀಪದ ಮೇಲಿಂದ ನಿಯಾಪೊಲಿಸ್‌ಗೆ ಬಂದು, ಅಲ್ಲಿಂದ ಫಿಲಿಪ್ಪಿ ಎಂಬ ನಗರಕ್ಕೆ ಹೋದನೆಂದು ಬೈಬಲ್ಲಿನ ಅಪೊಸ್ತಲರ ಕೃತ್ಯಗಳಲ್ಲಿದೆ. ಕಾಲ ಸುಮಾರು ಕ್ರಿ.ಶ. 49–50. ಧಕ್ಕೆಗೆ ಹತ್ತಿರದ ಸಂತ ನಿಕೊಲಾಸ್ ಚರ್ಚಿನ ಬಳಿ ಈ ಘಟನೆಯನ್ನು ತೋರಿಸುವ ದೊಡ್ಡ ಮೊಸಾಯಿಕ್ ಚಿತ್ರವಿದೆ. ಆ ಚರ್ಚನ್ನು ಹೊರಗಿನಿಂದ ಒಮ್ಮೆ ಪೂರ್ತಿ ಸುತ್ತು ಹಾಕಿ. ಅದು 16ನೇ ಶತಮಾನದಲ್ಲಿ ಇಬ್ರಾಹಿಂ ಪಾಷಾನ ಹೆಸರಿನಲ್ಲಿ ಎದ್ದ ಮಸೀದಿ. ಬೆಟ್ಟದ ಮೇಲಿನ ಹಲೀಲ್ ಬೇ ಮಸೀದಿಯಲ್ಲಿ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಬಹುದು. ಅಲ್ಲಿ ನೆಲಕ್ಕೆ ಗಾಜು ಹಾಸಿದ್ದಾರೆ, ಗಾಜಿನಡಿಯಲ್ಲಿ ಅದಕ್ಕೂ ಹಳೆಯ ಕ್ರೈಸ್ತ ಬಸಿಲಿಕಾದ ತಳಪಾಯ ಕಾಣುತ್ತದೆ. ಒಂದು ಕಡೆ ಮಸೀದಿ ಚರ್ಚಾಗಿದೆ, ಇನ್ನೊಂದು ಕಡೆ ಚರ್ಚಿನ ಮೇಲೆ ಮಸೀದಿ ಎದ್ದಿದೆ. ಎರಡರ ನಡುವೆ ಹತ್ತು ನಿಮಿಷದ ನಡಿಗೆ.

ಕಮಾನುಗಳ ಸಾಲನ್ನು ಊರಿನವರು ಕರೆಯುವುದು ಕಮಾರೆಸ್ ಎಂದು. ಕಮಾನುಗಳು ಎಂದೇ ಅದರ ಅರ್ಥ. ಅದು ಮೇಲ್ಗಾಲುವೆ. ಸುಲೇಮಾನ್ ಸುಲ್ತಾನನ ಆಳ್ವಿಕೆಯಲ್ಲಿ, 16ನೇ ಶತಮಾನದಲ್ಲಿ, ಗುಡ್ಡದ ಮೇಲಿನ ಊರಿಗೆ ನೀರು ತರಲು ಕಟ್ಟಿದ್ದು. ಸುಮಾರು 270 ಮೀಟರ್ ಉದ್ದ, 60 ಕಮಾನು, ಅತಿ ಎತ್ತರದ ಜಾಗದಲ್ಲಿ 25 ಮೀಟರ್. ಉತ್ತರದ ಬೆಟ್ಟಗಳ ಬುಗ್ಗೆಯ ನೀರು ಇಳಿಜಾರಿನಲ್ಲಿ ತಾನಾಗಿ ಹರಿದು ಬರುತ್ತಿತ್ತು. ಗುಡ್ಡಕ್ಕೂ ಬೆಟ್ಟಕ್ಕೂ ನಡುವಿನ ತಗ್ಗನ್ನು ದಾಟಲು ಈ ಕಮಾನುಗಳು ಬೇಕಾದವು. 20ನೇ ಶತಮಾನದ ಆರಂಭದವರೆಗೂ ಊರು ಈ ನೀರನ್ನೇ ಕುಡಿದಿದೆ. ಈಗ ಕಮಾನುಗಳ ಅಡಿಯಲ್ಲೇ ಕಾರು ಓಡುತ್ತವೆ, ಪಕ್ಕದಲ್ಲೇ ತರಕಾರಿ ಮಾರುತ್ತಾರೆ. ಟಿಕೆಟ್ಟೂ ಇಲ್ಲ, ಬೇಲಿಯೂ ಇಲ್ಲ. ಈ ಊರಿನಲ್ಲಿ ನನಗೆ ಅತಿ ಪ್ರಿಯವಾದ ಕಟ್ಟಡ ಇದೇ.

ಪನಯೀಯಾ ಗುಡ್ಡ ಹತ್ತುವಾಗ

ಹಳೆಯ ಊರಿನ ಹೆಸರು ಪನಯೀಯಾ. ಕಡಲೊಳಕ್ಕೆ ಚಾಚಿಕೊಂಡ ಬಂಡೆಯ ಮೂಗಿನಂಥ ಗುಡ್ಡ. ಪೂಲಿದೂ ಎಂಬ ಬೀದಿ ಧಕ್ಕೆಯ ಕಡೆಯಿಂದ ಮೇಲಕ್ಕೆ ಹತ್ತುತ್ತದೆ. ಕಲ್ಲು ಹಾಸಿದ ಕಡಿದಾದ ಏರು. ಮಳೆ ಬಂದರೆ ಜಾರುತ್ತದೆ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಟ್ಯಾಕ್ಸಿಯಲ್ಲಿ ಸಾಧ್ಯವಾದಷ್ಟು ಮೇಲಕ್ಕೆ ಹೋಗಿ, ಇಳಿಯುವಾಗ ಮಾತ್ರ ನಡೆಸಿ. ಚಕ್ರದ ಸೂಟ್‌ಕೇಸನ್ನು ಈ ಬೀದಿಯಲ್ಲಿ ಎಳೆಯುವ ಸಾಹಸ ಬೇಡ. ಹಳೆಯ ಊರಿನಲ್ಲೇ ಕೋಣೆ ಹಿಡಿಯುವ ಆಸೆಯಿದ್ದರೆ, ಬಾಗಿಲವರೆಗೆ ವಾಹನ ಬರುತ್ತದೆಯೇ ಎಂದು ಮನೆಯವರನ್ನು ಮೊದಲೇ ಕೇಳಿಕೊಳ್ಳಿ.

ಏರಿನ ಅರ್ಧದಲ್ಲಿ ಎಡಬಲದ ಗೋಡೆಗಳ ಮೇಲೆ ಸೀಸದ ಗುಮ್ಮಟಗಳ ಗುಂಪೊಂದು ಕಾಣುತ್ತದೆ. ಅದು ಇಮಾರೆತ್. ಅದರ ಕಥೆ ತಿಳಿಯಬೇಕಾದರೆ ಇನ್ನೂ ಮೇಲಿನ ಚೌಕಕ್ಕೆ ಹೋಗಬೇಕು. ಅಲ್ಲಿ ಕುದುರೆಯ ಮೇಲೆ ಕುಳಿತ ಒಬ್ಬನ ಪ್ರತಿಮೆ, ಪಕ್ಕದಲ್ಲಿ ಅವನ ಮನೆ. ಅವನೇ 1769ರಲ್ಲಿ ಈ ಊರಿನಲ್ಲಿ ಹುಟ್ಟಿದ ಮುಹಮ್ಮದ್ ಅಲಿ. ತಂಬಾಕಿನ ವ್ಯಾಪಾರ ಮಾಡಿಕೊಂಡಿದ್ದ ಅಲ್ಬೇನಿಯನ್ ಮೂಲದ ಈ ಮನುಷ್ಯ ಆಟೊಮನ್ ಸೇನೆಯೊಡನೆ ಈಜಿಪ್ಟಿಗೆ ಹೋಗಿ, 1805ರಲ್ಲಿ ಅಲ್ಲಿನ ರಾಜ್ಯಪಾಲನಾದ. ಅವನ ವಂಶ ಈಜಿಪ್ಟನ್ನು ಆಳಿದ್ದು 20ನೇ ಶತಮಾನದ ನಡುವಿನವರೆಗೆ. ರಾಜ ಫಾರೂಕ್ 1952ರಲ್ಲಿ ಗದ್ದುಗೆ ಬಿಟ್ಟ ಮರುವರ್ಷದವರೆಗೆ. ನೈಲ್ ನದಿಯ ನಾಡನ್ನು ಒಂದೂವರೆ ಶತಮಾನ ಆಳಿದ ಮನೆತನದ ಬೇರು ಈ ಮರದ ಮಹಡಿಯ ಮನೆಯಲ್ಲಿದೆ. ಒಳಗೆ ಹೆಂಗಸರ ಭಾಗ, ಗಂಡಸರ ಭಾಗ ಬೇರೆ ಬೇರೆ. ಕಿಟಕಿಗಳಿಗೆ ಮರದ ಜಾಲಂಧ್ರ.

ದೊಡ್ಡವನಾದ ಮೇಲೆ ಅವನು ಹುಟ್ಟೂರಿಗೆ ಕೊಟ್ಟ ಕಾಣಿಕೆ ಇಮಾರೆತ್. ಕಟ್ಟಲು ಶುರುವಾದದ್ದು 1817ರಲ್ಲಿ. ಧರ್ಮಪಾಠಶಾಲೆ, ವಿದ್ಯಾರ್ಥಿಗಳಿಗೆ ವಸತಿ, ಬಡವರಿಗೆ ಯಾವ ಮತವೆಂದು ಕೇಳದೆ ಉಣಬಡಿಸುವ ಅಡುಗೆಮನೆ, ಹೀಗೆ ಅನ್ನ, ಅಕ್ಷರ, ಆಸರೆ ಮೂರೂ ಒಂದೇ ಸೂರಿನಡಿ. 1922ರ ನಂತರ ತುರ್ಕಿಯಿಂದ ಬಂದ ನಿರಾಶ್ರಿತರ ಕುಟುಂಬಗಳು ಇಲ್ಲಿ ಬೀಡುಬಿಟ್ಟವು. ಆಮೇಲೆ ಪಾಳುಬಿದ್ದಿತ್ತು. ದೀರ್ಘಕಾಲದ ದುರಸ್ತಿಯ ನಂತರ 2004ರಲ್ಲಿ ಐಷಾರಾಮಿ ಹೋಟೆಲಾಗಿ ತೆರೆಯಿತು. ಕೋಣೆಯ ಬಾಡಿಗೆ ನಮ್ಮಲ್ಲಿ ಬಹುಪಾಲು ಜನರ ಕೈಗೆ ಎಟುಕುವಂಥದ್ದಲ್ಲ. ಒಳಗೆ ನೋಡಲು ಬಿಡುವ ಹೊತ್ತು ಇದೆಯೇ ಎಂದು ಬಾಗಿಲಲ್ಲಿ ವಿಚಾರಿಸಿ. ಆಗದಿದ್ದರೆ ಬೇಸರ ಬೇಡ. ಹೊರಗಿನ ಬೀದಿಯಿಂದಲೂ, ಧಕ್ಕೆಯಿಂದಲೂ ಆ ಗುಮ್ಮಟಗಳ ಸಾಲು ಚೆನ್ನಾಗಿ ಕಾಣುತ್ತದೆ.

ಕೋಟೆ ನೆತ್ತಿಯಲ್ಲಿದೆ. ಬೈಜಾಂಟಿಯನ್ ತಳಪಾಯದ ಮೇಲೆ ಆಟೊಮನ್ನರು 15ನೇ ಶತಮಾನದಲ್ಲಿ ಮತ್ತೆ ಕಟ್ಟಿದ್ದು. ಒಳಗೆ ನೋಡಲು ಹೆಚ್ಚೇನೂ ಇಲ್ಲ, ದುಂಡನೆಯ ಬುರುಜೊಂದೇ ಮುಖ್ಯ. ಅದರ ಮೇಲೆ ನಿಂತರೆ ಊರಿನ ಇಡೀ ನಕ್ಷೆ ಕಾಲಡಿ ಬಿಡಿಸಿಟ್ಟಂತೆ: ಒಂದು ಬದಿಗೆ ಥಾಸೊಸ್, ಇನ್ನೊಂದು ಬದಿಗೆ ಕಮಾನುಗಳು, ಕೆಳಗೆ ಮೀನುದೋಣಿಗಳು. ಸಂಜೆ ಐದರ ಮೇಲೆ ಹೋಗಿ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಹತ್ತಿದವರಿಗೆ ಈ ಊರು ಇಷ್ಟವಾಗುವುದು ಕಷ್ಟ.

ಹೊಗೆಸೊಪ್ಪು ಕಟ್ಟಿದ ನಗರ

ಗುಡ್ಡದಿಂದ ಇಳಿದು ಪಶ್ಚಿಮಕ್ಕೆ ನಡೆದರೆ ಬೇರೆಯೇ ಕವಾಲಾ ಸಿಗುತ್ತದೆ. ಪ್ರವಾಸಿ ಕೈಪಿಡಿಗಳು ಇದನ್ನು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ. ನನ್ನ ಮಟ್ಟಿಗೆ ಇಲ್ಲಿ ಎರಡನೆಯ ರಾತ್ರಿ ಉಳಿಯಲು ಕಾರಣವೇ ಈ ಭಾಗ.

19ನೇ ಶತಮಾನದ ಕೊನೆಯಿಂದ ಕವಾಲಾ ಜಗತ್ತಿನ ದೊಡ್ಡ ತಂಬಾಕು ಬಂದರುಗಳಲ್ಲಿ ಒಂದು. ಸುತ್ತಲಿನ ಬೆಟ್ಟದ ಇಳಿಜಾರುಗಳಲ್ಲಿ ಬೆಳೆಯುತ್ತಿದ್ದದ್ದು ಬಸ್ಮಾ ಎಂಬ ತಳಿ. ಅಂಗೈಗಿಂತ ಚಿಕ್ಕ ಎಲೆ, ಬಡ ಮಣ್ಣಿನಲ್ಲಿ ಬೆಳೆದಷ್ಟೂ ಹೆಚ್ಚು ಘಮ. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ತಂಬಾಕು ಎಂದರೆ ಅಗಲ ಎಲೆಯ ವರ್ಜೀನಿಯಾ, ಸೌದೆ ಉರಿಸಿ ಬ್ಯಾರನ್‌ನಲ್ಲಿ ಬೇಯಿಸುವ ಸೊಪ್ಪು. ಬಸ್ಮಾಕ್ಕೆ ಬೆಂಕಿ ಬೇಡ. ಎಲೆಗಳನ್ನು ದಾರಕ್ಕೆ ಪೋಣಿಸಿ ಬಿಸಿಲಿನಲ್ಲಿ ಒಣಗಿಸಿದರೆ ಸಾಕು. ಕಷ್ಟ ಆಮೇಲೆ ಶುರು. ಆ ಪುಟ್ಟ ಎಲೆಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು, ಬಣ್ಣ, ಗಾತ್ರ, ಗುಣ ನೋಡಿ ವಿಂಗಡಿಸಿ, ಬೇಲು ಕಟ್ಟಿ, ಹದಕ್ಕೆ ಬರುವವರೆಗೆ ಕಾಯಬೇಕಿತ್ತು. ಅದಕ್ಕೆ ಬೇಕಾದದ್ದು ದೊಡ್ಡ ಗೋದಾಮುಗಳು, ಸಾವಿರಾರು ಕೈಗಳು. ಊರಿನ ನಡುವೆ ಬೀದಿಗಳ ತುಂಬ ಕಾಣುವ ಐದಾರು ಕಿಟಕಿ ಸಾಲಿನ ಎತ್ತರದ ಕಲ್ಲಿನ ಕಟ್ಟಡಗಳೆಲ್ಲ ಆ ಗೋದಾಮುಗಳೇ. ಕೆಲವು ಪಾಳು, ಕೆಲವು ಅಂಗಡಿ, ಕೆಲವು ಕಚೇರಿ. ಕಪ್ನೆರ್ಗಾತಿ, ಅಂದರೆ ತಂಬಾಕು ಕಾರ್ಮಿಕನ ಹೆಸರಿನ ಚೌಕದಲ್ಲಿರುವ ಗುಲಾಬಿ ಬಣ್ಣದ ಪುರಸಭೆಯ ಗೋದಾಮನ್ನು ತಪ್ಪಿಸಬೇಡಿ. 20ನೇ ಶತಮಾನದ ಮೊದಲ ದಶಕದಲ್ಲಿ ಒಬ್ಬ ತುರ್ಕಿ ವ್ಯಾಪಾರಿಗಾಗಿ ಕಟ್ಟಿದ ಇದರ ಮುಂಭಾಗ ಅರಮನೆಯದೆಂದರೂ ನಂಬಬಹುದು.

ಅರಮನೆಯಂಥದ್ದೇ ಇನ್ನೊಂದು ಈಗಿನ ಪುರಭವನ. ಹಂಗೇರಿಯ ತಂಬಾಕು ವ್ಯಾಪಾರಿ ಪಿಯರ್ ಹೆರ್ಜೋಗ್ ತನ್ನ ನಾಡಿನ ಕೋಟೆಯ ಮಾದರಿಯಲ್ಲಿ ಗೋಪುರಗಳಿಟ್ಟು ಕಟ್ಟಿಸಿದ ಮನೆ ಅದು. ಅದರ ನೆರೆಯಲ್ಲೇ 1909ರ ದೊಡ್ಡ ಕ್ಲಬ್ಬು, ವ್ಯಾಪಾರಿಗಳು ಸಂಜೆ ಸೇರುತ್ತಿದ್ದ ಜಾಗ.

ಆ ಸಂಜೆಗಳ ಬೆಲೆ ತೆತ್ತವರು ಗೋದಾಮಿನೊಳಗೆ ಹೊಗೆಸೊಪ್ಪಿನ ಧೂಳು ಕುಡಿಯುತ್ತ ನೆಲದ ಮೇಲೆ ಕುಳಿತವರು. ವಿಂಗಡಣೆಯ ಕ್ರಮವನ್ನು ಸರಳ ಮಾಡಿದಂತೆ ನುರಿತ ಆಳುಗಳ ಜಾಗಕ್ಕೆ ಕಡಿಮೆ ಕೂಲಿಯ ಹೆಂಗಸರನ್ನು ತಂದರು. ಮುಷ್ಕರಗಳು ನಡೆದವು, ಗುಂಡೇಟುಗಳೂ ಬಿದ್ದವು. ಗ್ರೀಸಿನ ಕಾರ್ಮಿಕ ಚಳವಳಿಯ ದೊಡ್ಡ ಕೇಂದ್ರಗಳಲ್ಲಿ ಕವಾಲಾ ಒಂದಾದದ್ದು ಹೀಗೆ. 1934ರಲ್ಲಿ ಇಲ್ಲಿ ಮೇಯರ್ ಆಗಿ ಗೆದ್ದ ದಿಮಿತ್ರಿಸ್ ಪರ್ತ್ಸಾಲಿದಿಸ್ ಆ ದೇಶದ ಮೊದಲ ಕಮ್ಯುನಿಸ್ಟ್ ಮೇಯರ್‌ಗಳಲ್ಲಿ ಒಬ್ಬರು. ಬೀಡಿ ತಂಬಾಕಿನ ನಿಪ್ಪಾಣಿಯನ್ನೂ, 1981ರಲ್ಲಿ ಅಲ್ಲಿನ ರೈತರು ಬೀದಿಗಿಳಿದದ್ದನ್ನೂ ಬಲ್ಲ ಓದುಗರಿಗೆ ಇಲ್ಲಿನ ತಂಬಾಕು ಮ್ಯೂಸಿಯಂ ಪರಕೀಯ ಎನಿಸದು. ಅಲ್ಲಿನ ತೂಕದ ತಕ್ಕಡಿ, ಬೇಲು ಕಟ್ಟುವ ಚೌಕಟ್ಟು, ಕಾರ್ಮಿಕರ ಸಾಲು ಸಾಲು ಚಿತ್ರಗಳನ್ನು ಅವಸರವಿಲ್ಲದೆ ನೋಡಿ. ಒಂದು ಗಂಟೆ ಬೇಕು.

ಈ ಊರಿನ ಜನರೂ ಒಂದು ಕಾಲಕ್ಕೆ ಬಹುಪಾಲು ಬದಲಾದರು. 1923ರ ಲೊಸಾನ್ ಒಪ್ಪಂದದಂತೆ ಗ್ರೀಸಿನ ಮುಸ್ಲಿಮರು ತುರ್ಕಿಗೆ, ತುರ್ಕಿಯ ಆರ್ಥೊಡಾಕ್ಸ್ ಕ್ರೈಸ್ತರು ಗ್ರೀಸಿಗೆ ಹೋಗಬೇಕಾಯಿತು. 1928ರ ಹೊತ್ತಿಗೆ ಕವಾಲಾದ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ಕಡೆಯಿಂದ ಬಂದ ನಿರಾಶ್ರಿತರು. ಗ್ರೀಸಿನ ಕಡೆ ಈ ಜನ ವಿನಿಮಯಕ್ಕೆ ಒಳಪಡದವರು ನೆಸ್ಟೊಸ್ ನದಿಯ ಆಚೆಗಿನ ಥ್ರೇಸ್‌ನ ಮುಸ್ಲಿಮರು. ಹಾಗಾಗಿ ಕವಾಲಾದಲ್ಲಿ ಮಸೀದಿಗಳಿವೆ, ನಮಾಜು ಇಲ್ಲ. ಬಸ್ಸಿನಲ್ಲಿ ಒಂದು ಗಂಟೆ ಪೂರ್ವಕ್ಕೆ ಹೋದರೆ ನದಿಯಾಚೆಯ ಕ್ಸಾಂಥಿಯಲ್ಲಿ ಇಂದಿಗೂ ಬಾಂಗು ಕೇಳುತ್ತದೆ. ನಕಾಶೆಯ ಮೇಲೆ ಎಳೆದ ಒಂದು ಗೆರೆ ಇಷ್ಟು ಮಾಡಬಲ್ಲದು. ಊರಿನ ಯಹೂದಿಗಳ ಕಥೆ ಇನ್ನೂ ಕಠೋರ. ಬಲ್ಗೇರಿಯಾದ ಆಕ್ರಮಣದ ಕಾಲದಲ್ಲಿ, 1943ರ ಮಾರ್ಚ್ ಆರಂಭದ ಒಂದು ರಾತ್ರಿ ಅವರನ್ನು ಮನೆಗಳಿಂದ ಹಿಡಿದು ಎಳೆದು ತಂದು, ಕೊನೆಗೆ ತ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಕಳಿಸಿದರು. ಗೋದಾಮುಗಳ ಬೀದಿಯಲ್ಲಿ ನಡೆಯುವಾಗ ಇದೂ ನೆನಪಿರಲಿ.

ಒಂದು ಬೆಳಿಗ್ಗೆ ಫಿಲಿಪ್ಪಿಗೆ

ಕವಾಲಾ ತನ್ನಷ್ಟಕ್ಕೆ ಒಂದೂವರೆ ದಿನದ ಊರು. ಎರಡನೆಯ ರಾತ್ರಿಯನ್ನು ಗಟ್ಟಿ ಮಾಡುವುದು ಸುಮಾರು 15 ಕಿ.ಮೀ. ದೂರದ ಫಿಲಿಪ್ಪಿ. ದ್ರಾಮಾ ಊರಿನ ಕಡೆ ಹೋಗುವ ಬಸ್ಸು ಕ್ರಿನೀಡೆಸ್ ಹಳ್ಳಿಯ ಬಳಿ ಇಳಿಸುತ್ತದೆ. ಹತ್ತುವಾಗಲೇ ಚಾಲಕನಿಗೆ ಫಿಲಿಪ್ಪಿ ಎಂದು ಹೇಳಿ, ಮರಳುವ ಬಸ್ಸಿನ ವೇಳೆಯನ್ನೂ ಕೇಳಿಟ್ಟುಕೊಳ್ಳಿ.

ಅಲೆಕ್ಸಾಂಡರನ ತಂದೆ ಎರಡನೆಯ ಫಿಲಿಪ್ ಕ್ರಿ.ಪೂ. 356ರಲ್ಲಿ ತನ್ನ ಹೆಸರಿಟ್ಟ ನಗರವಿದು. ಅವನ ಕಣ್ಣಿದ್ದದ್ದು ಸುತ್ತಲಿನ ಬೆಟ್ಟಗಳ ಚಿನ್ನದ ಗಣಿಗಳ ಮೇಲೆ. ಜೂಲಿಯಸ್ ಸೀಸರನನ್ನು ಕೊಂದ ಬ್ರೂಟಸ್ ಮತ್ತು ಕ್ಯಾಸಿಯಸ್ ಇಬ್ಬರೂ ಕ್ರಿ.ಪೂ. 42ರಲ್ಲಿ ಈ ಬಯಲಿನಲ್ಲೇ ಆಂಟನಿ ಮತ್ತು ಆಕ್ಟೇವಿಯನ್ ಕೈಯಲ್ಲಿ ಸೋತು ಪ್ರಾಣ ಕಳೆದುಕೊಂಡರು. ಗೆದ್ದವರು ತಮ್ಮ ಹಳೆಯ ಸೈನಿಕರನ್ನು ಇಲ್ಲಿ ನೆಲೆಗೊಳಿಸಿದರು. ಸುಮಾರು ತೊಂಬತ್ತು ವರ್ಷದ ನಂತರ ಪೌಲ ಬಂದಾಗ ಇದು ಲ್ಯಾಟಿನ್ ಮಾತಾಡುವ ರೋಮನ್ ಊರು. ಅವನ ಮಾತು ಕೇಳಿ ಇಲ್ಲಿ ದೀಕ್ಷೆ ಪಡೆದ ಲಿಡಿಯಾ ಕೆನ್ನೀಲಿ ಬಣ್ಣದ ವಸ್ತ್ರ ಮಾರುತ್ತಿದ್ದ ಹೆಂಗಸು. ಯುರೋಪಿನ ಮೊದಲ ಕ್ರೈಸ್ತಳೆಂದು ಅವಳನ್ನು ಗೌರವಿಸುತ್ತಾರೆ. ದೀಕ್ಷೆಯಾದ ಜಾಗವೆಂದು ನಂಬುವ ಹೊಳೆದಂಡೆ ಪಾಳುನಗರದಿಂದ ನಡೆದುಹೋಗುವಷ್ಟು ಹತ್ತಿರ. ಹೊಳೆಯ ತಣ್ಣೀರು, ಮರಗಳ ನೆರಳು. ಯಾವ ಮತದವರಿಗಾದರೂ ಕೂರಬೇಕೆನಿಸುವ ಜಾಗ.

2016ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಫಿಲಿಪ್ಪಿಯಲ್ಲಿ ರಂಗಮಂದಿರ, ರೋಮನ್ ಮಾರುಕಟ್ಟೆ ಚೌಕ, ಬಸಿಲಿಕಾಗಳ ಆನೆಗಾತ್ರದ ಕಂಬಗಳು ಉಳಿದಿವೆ. ಎಗ್ನಾತಿಯಾ ರಸ್ತೆಯ ಮೂಲ ಕಲ್ಲುಹಾಸಿನ ಮೇಲೂ ಕಾಲಿಡಬಹುದು. ನೆರಳು ಮಾತ್ರ ಬಹಳ ಕಡಿಮೆ. ತೆರೆಯುವ ಹೊತ್ತಿಗೇ ಹೋಗಿ, ನೀರು, ಟೋಪಿ ಇರಲಿ. ಎರಡೂವರೆ ಗಂಟೆ ಸಾಕು. ಜುಲೈ–ಆಗಸ್ಟ್‌ನಲ್ಲಿ ಅದೇ ಪ್ರಾಚೀನ ರಂಗಮಂದಿರದಲ್ಲಿ 1957ರಿಂದ ನಾಟಕೋತ್ಸವ ನಡೆದುಬಂದಿದೆ. ಭಾಷೆ ಗೊತ್ತಿಲ್ಲದಿದ್ದರೂ ಅಲ್ಲಿ ಕುಳಿತು ಒಂದು ಗ್ರೀಕ್ ದುರಂತ ನಾಟಕ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ.

ಥಾಸೊಸ್ ಬಗ್ಗೆ ಒಂದೇ ಮಾತು. ಕವಾಲಾದಿಂದ ದ್ವೀಪದ ಪ್ರಿನೋಸ್ ಬಂದರಿಗೆ ಫೆರಿ ಒಂದೂಕಾಲು ಗಂಟೆಯಷ್ಟು. ಪೂರ್ವದ ಕೆರಮೊತಿಯಿಂದ ದ್ವೀಪದ ಮುಖ್ಯ ಊರಿಗೆ ಮುಕ್ಕಾಲು ಗಂಟೆಯೊಳಗೆ. ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು, ಆದರೆ ಅಮೃತಶಿಲೆಯ ಆ ದ್ವೀಪ ಅದಕ್ಕಿಂತ ದೊಡ್ಡದು. ಎರಡೇ ದಿನ ಇದ್ದರೆ ಥಾಸೊಸ್ ಬಿಟ್ಟು ಫಿಲಿಪ್ಪಿ ಆರಿಸಿಕೊಳ್ಳಿ. ಬರೀ ಕಡಲಿಗಿಳಿಯುವ ಆಸೆಗೆ ಊರಿಗಂಟಿಕೊಂಡ ರಾಪ್ಸಾನಿ, ಕಲಮೀತ್ಸಾ ಕಿನಾರೆಗಳೇ ಸಾಕು.

ಊಟ, ಖರ್ಚು, ದಾರಿ

ಮೀನು ತಿನ್ನುವವರಿಗೆ ಧಕ್ಕೆಯ ಉದ್ದಕ್ಕೂ ಊಟದ ಮನೆಗಳಿವೆ. ಚಿಕ್ಕ ಮೀನುಗಳನ್ನು ಕೇಳಿ. ಬಂಗುಡೆ, ಬೂತಾಯಿಯ ರುಚಿ ಬಲ್ಲವರಿಗೆ ಇಲ್ಲಿನ ಹುರಿದ ಸಾರ್ಡೀನ್ ಇಷ್ಟವಾಗುತ್ತದೆ, ದೊಡ್ಡ ಮೀನಿಗಿಂತ ಅಗ್ಗ ಕೂಡ. ದೊಡ್ಡ ಮೀನಿಗೆ ಕಿಲೋ ಲೆಕ್ಕದಲ್ಲಿ ಬೆಲೆ ಹಾಕುತ್ತಾರೆ. ತೂಗಿ ಬೆಲೆ ಹೇಳಿದ ಮೇಲೆಯೇ ಒಪ್ಪಿಕೊಳ್ಳಿ.

ಸಸ್ಯಾಹಾರಿಗಳು ಹೆದರಬೇಕಿಲ್ಲ, ಗ್ರೀಕರ ಅಡುಗೆಯಲ್ಲಿ ತರಕಾರಿ ಧಾರಾಳ. ಲದೆರಾ ಎಂದು ಕೇಳಿ. ಆಲಿವ್ ಎಣ್ಣೆಯಲ್ಲಿ ಬೇಯಿಸಿದ ತರಕಾರಿಗಳಿಗೆಲ್ಲ ಅದೇ ಹೆಸರು. ಹುರುಳಿಕಾಯಿಯ ಫಸೊಲಾಕಿಯಾ, ಬದನೆ–ಆಲೂಗಡ್ಡೆಯ ಬ್ರಿಯಾಮ್, ದಪ್ಪ ಬಿಳಿ ಅವರೆಯಂಥ ಕಾಳಿನ ಗಿಗಾಂತೆಸ್, ಬೇಯಿಸಿದ ಸೊಪ್ಪಿನ ಹೋರ್ತಾ. ಗೆಮಿಸ್ತಾ ಎಂದರೆ ಟೊಮೆಟೊ, ದೊಣ್ಣೆಮೆಣಸಿನೊಳಗೆ ಅನ್ನ ತುಂಬಿದ್ದು. ಅದರಲ್ಲಿ ಕೀಮಾ ಇದೆಯೇ ಎಂದು ಪ್ರತಿ ಸಲ ಕೇಳಬೇಕು. ಇನ್ನೊಂದು ಎಚ್ಚರ: ನಿಸ್ತೀಸಿಮಾ ಎಂಬ ಉಪವಾಸದ ಊಟ ಸಸ್ಯಾಹಾರವೆಂದು ನಂಬಿ ಮೋಸಹೋಗಬೇಡಿ. ಆರ್ಥೊಡಾಕ್ಸ್ ಉಪವಾಸದಲ್ಲಿ ಮಾಂಸ, ಹಾಲು, ಮೊಟ್ಟೆ ವರ್ಜ್ಯ, ಆದರೆ ಸಿಗಡಿ, ಮರುವಾಯಿ, ಆಕ್ಟೋಪಸ್ ನಡೆಯುತ್ತವೆ.

ಊರಿನ ಸಿಹಿ ಕುರಬಿಯೇ. ಬಾದಾಮಿ, ಬೆಣ್ಣೆ ಹಾಕಿ ಸುಟ್ಟು ಸಕ್ಕರೆ ಪುಡಿಯಲ್ಲಿ ಹೊರಳಿಸಿದ ಬಿಸ್ಕತ್ತು. ಇದಕ್ಕೆ ಹೆಸರಾದದ್ದು ಪಕ್ಕದ ನೆಯಾ ಕರ್ವಾಲಿ. ತುರ್ಕಿಯ ಕಪಡೋಕಿಯಾದ ಗೆಲ್ವೆರಿಯಿಂದ ಬಂದ ನಿರಾಶ್ರಿತರು ಕಟ್ಟಿಕೊಂಡ ಊರು ಅದು. ಬರುವಾಗ ಈ ಸಿಹಿಯನ್ನೂ ತಂದರು. ಮನೆಗೆ ಒಯ್ಯಲು ಇದಕ್ಕಿಂತ ಒಳ್ಳೆಯದು ಕವಾಲಾದಲ್ಲಿ ಬೇರೆ ಸಿಗದು. ಕೆಲವು ದಿನ ಕೆಡುವುದಿಲ್ಲ, ಆದರೆ ಸೂಟ್‌ಕೇಸಿನಲ್ಲಿ ಪುಡಿಯಾಗುತ್ತದೆ. ಕೈಚೀಲದಲ್ಲಿ ಇಟ್ಟುಕೊಳ್ಳಿ.

ದಾರಿಯ ವಿಚಾರ. ಕವಾಲಾಕ್ಕೆ ರೈಲಿಲ್ಲ. ಥೆಸಲೊನೀಕಿಯಿಂದ ಸುಮಾರು 160 ಕಿ.ಮೀ., ಊರೂರ ನಡುವೆ ಓಡುವ ಕೆಟೆಲ್ ಬಸ್ಸಿನಲ್ಲಿ ಎರಡು ಗಂಟೆಯ ಮೇಲೆ ಸ್ವಲ್ಪ. ಬಸ್ ನಿಲ್ದಾಣ ಧಕ್ಕೆಯ ಹತ್ತಿರವೇ ಇರುವುದು ದೊಡ್ಡ ಅನುಕೂಲ. ವಿಮಾನ ನಿಲ್ದಾಣ ಊರಿನಿಂದ 30 ಕಿ.ಮೀ. ದೂರ, ಟ್ಯಾಕ್ಸಿಯ ಖರ್ಚನ್ನು ಟಿಕೆಟ್ಟಿನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. ಹೋಟೆಲಿನ ಬಾಡಿಗೆಯ ಮೇಲೆ ಕೋಣೆಗೆ ದಿನಕ್ಕೆ ಇಷ್ಟೆಂದು ಸರ್ಕಾರದ ತೆರಿಗೆಯನ್ನು ಬೇರೆಯಾಗಿ ಕೊಡಬೇಕಾಗುತ್ತದೆ, ಬೇಸಿಗೆಯಲ್ಲಿ ಅದು ಹೆಚ್ಚು. ಮ್ಯೂಸಿಯಂಗಳಿಗೆ ವಾರದಲ್ಲೊಂದು ದಿನ ರಜೆ, ಹಲವು ಕಡೆ ಮಂಗಳವಾರ. ಅಂಗಡಿಗಳು ವಾರದ ಕೆಲವು ದಿನ ಮಧ್ಯಾಹ್ನವೇ ಮುಚ್ಚುತ್ತವೆ. ಮೇ, ಜೂನ್ ಇಲ್ಲವೇ ಸೆಪ್ಟೆಂಬರ್ ಒಳ್ಳೆಯ ಕಾಲ. ಆಗಸ್ಟ್ 15 ಮರಿಯಮ್ಮನ ಹಬ್ಬ, ಗ್ರೀಕರೆಲ್ಲ ರಜೆಯಲ್ಲಿರುತ್ತಾರೆ. ಆ ವಾರದಲ್ಲಿ ಕೋಣೆ ಸಿಗುವುದು ಕಷ್ಟ. ಚಳಿಗಾಲದಲ್ಲಿ ಊರು ಎಂದಿನಂತೆ ನಡೆಯುತ್ತದೆ, ಆದರೆ ಮೋಡ, ಗಾಳಿ, ಬೇಗ ಕತ್ತಲು. ಆಗ ಎರಡು ರಾತ್ರಿ ಉಳಿಯಿರೆಂದು ನಾನು ಹೇಳಲಾರೆ.

ದಿನಗಳನ್ನು ಹೀಗೆ ಹೊಂದಿಸಿಕೊಳ್ಳಬಹುದು. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಬಂದು, ಧಕ್ಕೆಯ ಸಮೀಪ ಸಮತಟ್ಟು ಜಾಗದಲ್ಲಿ ಕೋಣೆ ಹಿಡಿದು, ಬಿಸಿಲು ಇಳಿದ ಮೇಲೆ ಪನಯೀಯಾ ಹತ್ತಿ. ಕತ್ತಲಾದ ಮೇಲೆ ದೀಪ ಹಚ್ಚಿದ ಕಮಾನುಗಳ ಕೆಳಗೆ ಹಾದು ಊಟಕ್ಕೆ ಬನ್ನಿ. ಮರುದಿನ ಬೆಳಿಗ್ಗೆ ಫಿಲಿಪ್ಪಿ, ಮಧ್ಯಾಹ್ನ ಊಟ ಮಾಡಿ ಒಂದು ನಿದ್ದೆ, ಸಂಜೆ ಗೋದಾಮುಗಳ ಬೀದಿ. ತಂಬಾಕು ಮ್ಯೂಸಿಯಂ ತೆರೆದಿರುವ ಹೊತ್ತು ನೋಡಿಕೊಂಡು ಅದನ್ನು ಇವುಗಳ ನಡುವೆ ಎಲ್ಲಾದರೂ ಕೂಡಿಸಿ. ಥಾಸೊಸ್‌ಗೆ ಹೋಗುವ ಯೋಚನೆ ಇದ್ದರೆ ಫೆರಿ ಟಿಕೆಟನ್ನು ಬಂದಿಳಿದ ದಿನಕ್ಕೆ ತೆಗೆಯಬೇಡಿ. ಮೂರನೆಯ ದಿನದ ಬೆಳಗಿನದು ತೆಗೆಯಿರಿ.